ಇಲಿಯಪ್ಪನ ಋಣ ಶಿಕ್ಷೆ

ಇಲಿಯಪ್ಪನಿಗೆ ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಬಟ್ಟೆಗೆ ಕೊರತೆಯಿರಲಿಲ್ಲ (ಹೆಂಡತಿ ದರ್ಜಿ), ಉಪದೇಶಕ್ಕಂತೂ ಬರವೇ ಇರಲಿಲ್ಲ (ಅತ್ತೆ ಅದೇ ಮನೆಯಲ್ಲಿದ್ದರು). ಇದ್ದ ಕೊರತೆ ಒಂದೇ. ತಾನು ಶುರು ಮಾಡಿದ ಕಥೆಯನ್ನು ತಾನೇ ಮುಗಿಸುವ ಯೋಗ ಅವನ ಹಣೆಯಲ್ಲಿ ಬರೆದಿರಲಿಲ್ಲ. ಕೊನೆಯ ವಾಕ್ಯ ನಾಲಿಗೆಯ ತುದಿಗೆ ಬರುವ ಹೊತ್ತಿಗೆ ಸರಿಯಾಗಿ ಹೆಂಡತಿ ನಡುವೆ ಬಾಯಿ ಹಾಕಿ, ಅದನ್ನು ತಾನೇ ಹೇಳಿಬಿಡುತ್ತಿದ್ದಳು.

ಇಲಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಾಲೇಜಿನ ಮನಶ್ಶಾಸ್ತ್ರ ವಿಭಾಗದಲ್ಲಿ ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುವುದು ಅವನ ಉದ್ಯೋಗ. ಅವುಗಳಿಗೆ ಕಾಳು ಹಾಕುವವನು, ನೀರಿಡುವವನು, ಪಂಜರ ತೊಳೆಯುವವನು, ಸತ್ತರೆ ಸಪ್ಪಗಾಗುವವನು ಅವನೊಬ್ಬನೇ ಆದ್ದರಿಂದ ವಿದ್ಯಾರ್ಥಿಗಳು ಆ ಬಿರುದು ಕೊಟ್ಟಿದ್ದರು. ಕೊಟ್ಟವರು ಓದು ಮುಗಿಸಿ ಹೋದರು, ಬಿರುದು ಉಳಿಯಿತು.

ಒಂದು ಸಂಜೆ ಎದುರಿನ ಕನ್ನಡಕದಂಗಡಿಯವರು ಹೊಲಿಗೆಗೆ ಪ್ಯಾಂಟು ಕೊಡಲು ಬಂದಿದ್ದರು. ಹೊಸ ಕಿವಿ ಸಿಕ್ಕಿತಲ್ಲ ಎಂದು ಇಲಿಯಪ್ಪ ತನ್ನ ಭಂಡಾರದ ಅತ್ಯುತ್ತಮ ರತ್ನವನ್ನೇ ಹೊರತೆಗೆದ: ಪಂಜರದಿಂದ ತಪ್ಪಿಸಿಕೊಂಡ ಇಲಿಯ ಕಥೆ. ಇಡೀ ವಿಭಾಗ ಮಂಡಿಯೂರಿ ಬೀರುಗಳ ಕೆಳಗೆ ಹುಡುಕಿದ್ದು, ಪ್ರಿನ್ಸಿಪಾಲರು ಬಂದು ಎಲ್ಲರಿಗೂ ಛೀಮಾರಿ ಹಾಕಿದ್ದು, ಅವರ ಛತ್ರಿ ಮೂಲೆಯಲ್ಲಿ ಒರಗಿದ್ದದ್ದು, ಎಲ್ಲವನ್ನೂ ಅಳತೆ ಮಾಡಿ ಹೇಳಿದ.

"ಸರಿ, ಪ್ರಿನ್ಸಿಪಾಲರು ಹೊರಟ್ರು. ಹೊರಗೆ ಮಳೆ. ಛತ್ರಿ ತಗೊಂಡ್ರು. ಹೀಗೆ ಮೇಲಕ್ಕೆತ್ತಿದ್ರು. ಗುಂಡಿ ಒತ್ತಿದ್ರು..."

ಇಲ್ಲಿ ಇಲಿಯಪ್ಪ ಒಂದು ಗುಟುಕು ಚಹಾ ಹೀರಿದ. ಕಥೆ ಹೇಳುವವನಿಗೆ ಆ ಗುಟುಕೇ ಜೀವಾಳ. ಕೇಳುವವನು ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗುವುದು ಆಗಲೇ.

"ಇಲಿ ಬೊಕ್ಕತಲೆ ಮೇಲೆ ಧೊಪ್ ಅಂತ ಬಿತ್ತು," ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ.

ಕನ್ನಡಕದಂಗಡಿಯವರು ಬಿದ್ದು ಬಿದ್ದು ನಕ್ಕರು. ನಕ್ಕದ್ದು ಆಕೆಯ ಕಡೆ ತಿರುಗಿ. "ಏನ್ ಚೆನ್ನಾಗಿ ಹೇಳ್ತೀರಮ್ಮ!" ಎಂದು ಹೊಗಳಿ, ಪ್ಯಾಂಟು ಇಟ್ಟು ಹೋದರು. ಇಲಿಯಪ್ಪನ ಬಾಯಲ್ಲಿ ಚಹಾ ಹಾಗೇ ನಿಂತಿತ್ತು.

ಈ ವ್ಯಾಧಿಗೆ ಔಷಧ ಅವನಿಗೆ ಸಿಕ್ಕಿದ್ದು ಕೆಲಸದ ಜಾಗದಲ್ಲಿ. ಪ್ರೊಫೆಸರಮ್ಮ ಶಿಕ್ಷೆಯ ಪಾಠ ಮಾಡುತ್ತಿದ್ದರು. ಇಲಿಯಪ್ಪ ಹಿಂದೆ ನಿಂತು ನೀರಿನ ಬಾಟಲಿ ತುಂಬುತ್ತಿದ್ದ. ಈ ಪಾಠವನ್ನು ಅವನು ವರ್ಷವರ್ಷವೂ ಕೇಳಿದ್ದ. ಆದರೆ ಇಲಿಗಳ ಪರವಾಗಿ ಕೇಳಿದ್ದನೇ ಹೊರತು ಗಂಡನಾಗಿ ಕೇಳಿರಲಿಲ್ಲ.

"ಧನ ಅಂದ ತಕ್ಷಣ ಒಳ್ಳೇದು, ಋಣ ಅಂದ ತಕ್ಷಣ ಕೆಟ್ಟದ್ದು ಅಂತ ಬರೆದ್ರೆ ಸೊನ್ನೆ ಹಾಕ್ತೀನಿ," ಎನ್ನುತ್ತಿದ್ದರು ಪ್ರೊಫೆಸರಮ್ಮ. "ಇದು ಬರೀ ಕೂಡೋದು, ಕಳೆಯೋದು. ಇಲಿ ಪಂಜರದ ಸನ್ನೆಕೋಲು ಒತ್ತಿದ ಕೂಡಲೇ ಅದಕ್ಕೆ ಹಿಡಿಸದ ಸದ್ದೊಂದನ್ನ ಸೇರಿಸ್ತೀವಿ. ಒತ್ತೋದು ಕಮ್ಮಿ ಆಗುತ್ತೆ. ಧನ ಶಿಕ್ಷೆ. ಇಲ್ಲಾ, ಅದಕ್ಕೆ ಹಿಡಿಸಿದ್ದೊಂದನ್ನ ಎತ್ತಿಬಿಡ್ತೀವಿ. ಒತ್ತೋದು ಕಮ್ಮಿ ಆಗುತ್ತೆ. ಋಣ ಶಿಕ್ಷೆ. ಇನ್ನು, ಕಮ್ಮಿ ಆಗ್ಲಿಲ್ಲ ಅನ್ನಿ..."

ಮುಂದಿನದು ಇಲಿಯಪ್ಪನ ಕಿವಿಗೆ ಬೀಳಲಿಲ್ಲ. ಅವನ ಮನಸ್ಸು ಆಗಲೇ ಬಸ್ಸು ಹತ್ತಿ ಮನೆಗೆ ಹೋಗಿಬಿಟ್ಟಿತ್ತು. ಕೈಯಲ್ಲಿದ್ದ ಬಾಟಲಿ ತುಂಬಿ ಷೂ ಒದ್ದೆಯಾಗುತ್ತಿತ್ತು.

ಮೊದಲು ಧನ ಶಿಕ್ಷೆ. ವಿಭಾಗದ ಗುಜರಿ ಪೆಟ್ಟಿಗೆಯಲ್ಲಿ ಒಂದು ಹಳೆಯ ಬಜರ್ ಇತ್ತು. ಒತ್ತಿದರೆ 'ಕರ್ರ್' ಎಂದು, ಹಲ್ಲುನೋವಿಗೆ ಧ್ವನಿ ಬಂದಂತೆ ಅರಚುತ್ತಿತ್ತು. ಅದನ್ನು ತಂದು ತನ್ನ ಕುರ್ಚಿಯ ದಿಂಬಿನಡಿ ಹುದುಗಿಸಿಟ್ಟ. ಅಂದು ಸಂಜೆ ಅವನು ಬೇಕೆಂದೇ ಒಂದು ಕಥೆ ಎತ್ತಿದ. ಹೆಂಡತಿ ತಪ್ಪದೆ ಅದರ ಕೊನೆಯನ್ನು ಕಸಿದಳು. ಇಲಿಯಪ್ಪ ಒತ್ತಿದ. ಕರ್ರ್!

"ಯಾರೋ ಬಂದ್ರು," ಎಂದು ಅತ್ತೆ ಎದ್ದರು. ಮೊಣಕಾಲು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ದೇವರನ್ನು ಹಿಡಿದುಕೊಂಡು ಬಾಗಿಲಿಗೆ ಹೋಗಿ ತೆರೆದರು. ಯಾರೂ ಇಲ್ಲ.

"ಮೇಲಿನ ಮನೆ ಮಕ್ಕಳಿರ್ಬೇಕಮ್ಮ," ಎಂದಳು ಹೆಂಡತಿ.

ಒಳ್ಳೆಯ ವಿಜ್ಞಾನಿ ಒಂದು ಸೋಲಿಗೆ ಎದೆಗುಂದುವುದಿಲ್ಲ. ಇಲಿಯಪ್ಪ ಒತ್ತುತ್ತಲೇ ಹೋದ. ಅತ್ತೆ ಏಳುತ್ತಲೇ ಹೋದರು. ಹೆಂಡತಿಯ ಅಭ್ಯಾಸ ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಬಜರ್ ಕೂಗಿದಾಗಲೆಲ್ಲ ಗಿರಾಕಿ ಬಂದಿರಬೇಕೆಂದು ಆಕೆಯ ಮುಖ ಅರಳುತ್ತಿತ್ತು. ಕುಗ್ಗಿದ್ದು ಒಂದೇ ವರ್ತನೆ: ಅತ್ತೆ ಬಾಗಿಲು ತೆರೆಯುವುದು. ಕೆಲವು ದಿನಗಳಲ್ಲಿ ಅವರು ಯಾವ ಸದ್ದಿಗೂ ಕದಲದ ಯೋಗಿನಿಯಾದರು.

ಅದು ಇಲಿಯಪ್ಪನಿಗೆ ತಿಳಿದದ್ದು ಬೀಗದ ಕೈ ಮರೆತು ಬಂದ ಒಂದು ಸಂಜೆ. ಕರೆಗಂಟೆ ಒತ್ತಿದ. ಒಳಗೆ ಹೊಲಿಗೆಯಂತ್ರದ ಸದ್ದು ನಿಲ್ಲಲಿಲ್ಲ. ಮತ್ತೆ ಒತ್ತಿದ.

"ಬಾರಿಸ್ಲಿ ಬಿಡೇ," ಅತ್ತೆಯ ದನಿ. "ಬೆರಳು ನೊಂದ್ಮೇಲೆ ತಾನಾಗೇ ನಿಲ್ಲಿಸ್ತಾವೆ."

"ಅತ್ತೆ, ನಾನು! ಬಾಗಿಲು ತೆಗೀರಿ!"

"ನೋಡಿದ್ಯಾ! ಈಗ ನಿನ್ನ ಗಂಡನ ಥರ ಅಣಕಿಸೋದೂ ಕಲ್ತಿವೆ ಪೋಕರಿಗಳು!"

ಅವನು ಮೆಟ್ಟಿಲ ಮೇಲೆ ಕುಳಿತ. ಒಂದೊಂದು ಬಾಗಿಲ ಹಿಂದೆಯೂ ಪಾತ್ರೆಗಳ ಸದ್ದು, ಯಾರದೋ ಕೆಮ್ಮು, ಯಾರನ್ನೋ ಯಾರೋ ಊಟಕ್ಕೆ ಕರೆಯುವುದು. ಹೆಂಡತಿ ಕಸದ ಡಬ್ಬಿ ಇಡಲು ಬಾಗಿಲು ತೆರೆದಾಗ, "ಅಯ್ಯೋ, ಇಲ್ಲಿ ಯಾಕೆ ಕೂತಿದ್ದೀರಿ? ಕರೆಗಂಟೆ ಒತ್ತೋದಲ್ವಾ?" ಎಂದಳು.

ಮರುದಿನ ಅತ್ತೆ ತಿಳಿಯದೆ ಅವನ ಕುರ್ಚಿಯ ಮೇಲೆ ಕುಳಿತರು. ಕರ್ರ್! "ಶಿವನೇ, ಇದು ನನ್ನಿಂದ ಬಂದದ್ದಾ?" ಎಂದು ಅವರು ಹೌಹಾರಿದರು. ದಿಂಬು ಎತ್ತಿದರು. ಇಲಿಯಪ್ಪ, "ರಿಪೇರಿಗೆ ತಂದಿದ್ದೆ," ಎಂದ. ಬಜರ್ ಮಾರನೆಯ ಬೆಳಿಗ್ಗೆಯೇ ಗುಜರಿ ಪೆಟ್ಟಿಗೆ ಸೇರಿತು.

ಉಳಿದದ್ದು ಋಣ ಶಿಕ್ಷೆ. ಹೆಂಡತಿಗೆ ಹಿತವಾದ ಏನನ್ನಾದರೂ ತೆಗೆಯಬೇಕು. ಏನನ್ನು? ರೇಡಿಯೋ ಅತ್ತೆಯದು, ಮುಟ್ಟುವ ಹಾಗಿಲ್ಲ. ಫ್ಯಾನು ನಿಲ್ಲಿಸಿದರೆ ಬೆವರುವವನು ತಾನು. ಹೊಲಿಗೆಯಂತ್ರಕ್ಕೆ ಕೈ ಹಾಕಿದರೆ ಕೈ ವಾಪಸ್ಸು ಬರುತ್ತದೆಂಬ ಭರವಸೆಯಿಲ್ಲ. ಹೀಗೆ ಒಂದೊಂದನ್ನೇ ಶಾಸ್ತ್ರೋಕ್ತವಾಗಿ ತಳ್ಳಿಹಾಕುತ್ತಾ ಬಂದಾಗ ಆ ಮನೆಯಲ್ಲಿ ಉಳಿದ ಹಿತವಸ್ತು ಒಂದೇ ಎಂದು ಅವನಿಗೆ ಹೊಳೆಯಿತು: ಅವನೇ.

ಅಂದಿನಿಂದ ಹೆಂಡತಿ ಕಥೆಯ ಕೊನೆ ಕಸಿದ ಕೂಡಲೇ ಇಲಿಯಪ್ಪ ಒಂದು ಮಾತೂ ಆಡದೆ ಎದ್ದು, ಕುರ್ಚಿ ಎತ್ತಿಕೊಂಡು, ಬಾಲ್ಕನಿಗೆ ಹೋಗಿ ಕೂರತೊಡಗಿದ. (ಸೀತೆಯನ್ನು ಕಾಡಿಗೆ ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ತನ್ನನ್ನು ತಾನೇ ಬಾಲ್ಕನಿಗೆ ಕಳಿಸಿಕೊಂಡ ಗಂಡನ ಕಥೆ ಯಾರೂ ಬರೆದಿಲ್ಲ.) ಬಾಲ್ಕನಿಯೆಂದರೆ ಒಂದು ಕುರ್ಚಿ, ಒಂದು ನೆಲ ಒರೆಸುವ ಬಕೆಟ್ಟು, ಒಂದು ಬಟ್ಟೆ ಹಗ್ಗ. ಗಾಳಿ ಬಂದಾಗ ಒದ್ದೆ ಹೊದಿಕೆ ಬಂದು ಮುಖಕ್ಕೆ ಪಟಾರನೆ ಬಡಿಯುತ್ತಿತ್ತು. ಎದುರಿನ ಕಟ್ಟಡದ ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತಿದ್ದವು. ಒಂದರಲ್ಲಿ ಯಾರೋ ಮೇಜು ಒರೆಸುತ್ತಿದ್ದರು, ಇನ್ನೊಂದರಲ್ಲಿ ಒಬ್ಬ ಹೇಳುತ್ತಿದ್ದ, ಉಳಿದವರು ಕೇಳುತ್ತಿದ್ದರು. ಅವನು ಏನು ಹೇಳುತ್ತಿದ್ದಾನೋ ಇಲ್ಲಿಗೆ ಕೇಳಿಸದು. ಆದರೆ ಮುಗಿಸಿದ್ದು ಅವನೇ ಎಂಬುದು ಕೈಬೀಸಿನಲ್ಲೇ ತಿಳಿಯುತ್ತಿತ್ತು.

'ಈಗ ಒಳಗೆ ನನ್ನ ಕೊರತೆ ಕಾಡುತ್ತಿರಬೇಕು,' ಎಂದುಕೊಂಡು ಇಲಿಯಪ್ಪ ಕಾಯುತ್ತಿದ್ದ. ಒಳಗಿನಿಂದ ತಾಯಿ ಮಗಳು ನಗುವುದು ಕೇಳಿಸುತ್ತಿತ್ತು.

ಫಲಿತಾಂಶ ಬೇಗನೆ ಬಂತು, ಬಂದದ್ದು ತಲೆಕೆಳಗಾಗಿ. ಮೊದಲು ಕೊನೆಯ ವಾಕ್ಯವನ್ನಷ್ಟೇ ಕಸಿಯುತ್ತಿದ್ದವಳು ಈಗ ಕಥೆಯ ನಡುವಿಗೇ ಕೈ ಹಾಕಿದಳು. ಆಮೇಲೆ ಆರಂಭಕ್ಕೆ. ಕೊನೆಕೊನೆಗೆ ಅವನು ಉಸಿರೆಳೆದುಕೊಂಡರೆ ಸಾಕು, ಕಥೆ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ ಮೋಡ ನೋಡಿ, "ಛತ್ರಿ ಎಲ್ಲಿ?" ಎಂದು ಕೇಳಿದ, ಕಥೆಗಲ್ಲ, ಕೆಲಸಕ್ಕೆ.

"ಬೊಕ್ಕತಲೆ ಮೇಲೆ ಧೊಪ್!" ಎಂದಳು ಹೆಂಡತಿ, ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡೇ.

ಅವನು ಛತ್ರಿಯಿಲ್ಲದೆ ಹೋದ. ನೆನೆದ. ಪ್ರಯೋಗಾಲಯದಲ್ಲಿ ಕೋಟು ಹಿಂಡುತ್ತಾ ಪ್ರೊಫೆಸರಮ್ಮನನ್ನು ಮೆಲ್ಲಗೆ ಕೇಳಿದ:

"ಮೇಡಂ, ಒಂದು ಇಲಿ ಇದೆ. ಅದು ಏನೋ ಮಾಡಿದಾಗೆಲ್ಲ ಅದಕ್ಕೆ ಇಷ್ಟವಾದದ್ದನ್ನ ತೆಗೆದುಬಿಡ್ತೀವಿ. ಆದ್ರೂ ಅದು ಮಾಡೋದು ಇನ್ನೂ ಜಾಸ್ತಿ ಆಗಿದೆ."

"ಪ್ರತಿ ವರ್ಷ ಬಾಯಿ ನೋಯೋ ಹಾಗೆ ಹೇಳ್ತೀನಲ್ಲಯ್ಯ," ಎಂದರು ಪ್ರೊಫೆಸರಮ್ಮ, ಕನ್ನಡಕ ಒರೆಸುತ್ತಾ. "ಶಿಕ್ಷೆ ಹೌದೋ ಅಲ್ವೋ ಹೇಳೋದು ನಾವಲ್ಲ, ಇಲಿ. ಕಮ್ಮಿ ಆದ್ರೆ ಶಿಕ್ಷೆ. ತೆಗೆದ್ಮೇಲೆ ಜಾಸ್ತಿ ಆಯ್ತು ಅಂದ್ರೆ, ನೀನು ತೆಗೆದದ್ದು ಅದಕ್ಕೆ ಇಷ್ಟವಾದದ್ದಲ್ಲ. ಹಿಂಸೆ ಕೊಡ್ತಾ ಇದ್ದದ್ದು. ಅದು ಹೋಗ್ಲಿ ಅಂತಾನೇ ಇಲಿ ಅಷ್ಟು ಜೋರಾಗಿ ಒತ್ತುತ್ತಾ ಇದೆ."

"ಹಿಂಸೆನಾ ಮೇಡಂ?"

"ಹೂಂ, ಪಾಪ. ಏನನ್ನ ತೆಗೀತಿದ್ದೆ?"

"ಒಂದು... ಕುರ್ಚಿ."

"ಇಲಿ ಪಂಜರದಲ್ಲಿ ಕುರ್ಚಿನಾ?"

ಇಲಿಯಪ್ಪ ಒದ್ದೆ ಕೋಟನ್ನು ಹೆಗಲಿಗೆ ಹಾಕಿಕೊಂಡ. ಪಂಜರಗಳ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ನಿಂತ. ಇಷ್ಟು ವರ್ಷದಲ್ಲಿ ಎಷ್ಟೋ ವಿದ್ಯಾರ್ಥಿಗಳು ತಮಗೆ ಬೇಡವಾದ ಫಲಿತಾಂಶ ಬಂದಾಗ ಇಲಿ ಸರಿಯಿಲ್ಲ, ಯಂತ್ರ ಸರಿಯಿಲ್ಲ ಎಂದು ತಕರಾರು ತೆಗೆದದ್ದನ್ನು ಅವನು ನೋಡಿದ್ದ. ಬಂದದ್ದನ್ನು ಬಂದ ಹಾಗೆ ಒಪ್ಪಿಕೊಳ್ಳಬೇಕು ಎಂದು ಅವರಿಗೆ ಬುದ್ಧಿ ಹೇಳಿದ್ದವನೂ ಅವನೇ. ಈಗ ಒಪ್ಪಿಕೊಂಡ. ಸ್ವಲ್ಪ ಹೊತ್ತು ಬಿಟ್ಟು, ಮೂಲೆಯ ಪಂಜರದ ಮುದಿ ಇಲಿಗೆ ಛತ್ರಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಗುಟುಕಿನ ಜಾಗದಲ್ಲಿ ನಿಲ್ಲಿಸಿ ಕಾದ. ಇಲಿ ನಡುವೆ ಬಾಯಿ ಹಾಕಲಿಲ್ಲ. ನಗಲೂ ಇಲ್ಲ.

ಆಮೇಲೆ ಇಲಿಯಪ್ಪ ಮನೆಯಲ್ಲಿ ಕಥೆ ಹೇಳುವುದನ್ನೇ ಬಿಟ್ಟ. ಊಟ ಮಾಡುತ್ತಿದ್ದ, ಕೈ ತೊಳೆಯುತ್ತಿದ್ದ, ಯಾರೂ ಯಾವ ಕೊನೆಯನ್ನೂ ಕಸಿಯುವ ಮೊದಲೇ ಕುರ್ಚಿ ಎತ್ತಿಕೊಂಡು ಹೊರಗೆ ಹೋಗುತ್ತಿದ್ದ. ತಾನಿಲ್ಲದಿರುವುದೇ ಆ ಮನೆಗೆ ತಾನು ಕೊಡಬಹುದಾದ ಒಳ್ಳೆಯ ವಸ್ತು ಎಂಬುದು ಸಾಬೀತಾದ ಮೇಲೆ ಅದನ್ನು ಜಿಪುಣತನವಿಲ್ಲದೆ ಕೊಡುವುದು ಧರ್ಮ ಎಂದು ಅವನು ತೀರ್ಮಾನಿಸಿದ್ದ. ಒಳಗೆ ಈಗ ನಗುವೂ ಕಮ್ಮಿಯಾಗಿತ್ತು. ಅದನ್ನು ಅವನು ಗಮನಿಸಲಿಲ್ಲ. ಅವನ ಪ್ರಯೋಗ ಮುಗಿದಿತ್ತಲ್ಲ.

ಒಂದು ಸಂಜೆ ಹೆಂಡತಿ ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಬಂದಳು. ಹೊದಿಕೆಯ ಆ ಕಡೆ ಅವಳು, ಈ ಕಡೆ ಅವನು.

"ರೀ, ಯಾಕೆ ಹೀಗೆ ಪರದೇಸಿ ಥರ ಹೊರಗೆ ಕೂರ್ತೀರಿ ದಿನಾ?"

"ನಿನಗೆ ಅನುಕೂಲ ಆಗ್ಲಿ ಅಂತ."

"ಏನನುಕೂಲ?"

ಮುಖ ಕಾಣದಿರುವುದು ಒಳ್ಳೆಯದೇ ಆಯಿತು. ಇಲಿಯಪ್ಪ ಹೊದಿಕೆಗೆ ಎಲ್ಲವನ್ನೂ ಹೇಳಿದ: ಧನ ಶಿಕ್ಷೆ, ಬಜರ್, ಋಣ ಶಿಕ್ಷೆ, ಪ್ರೊಫೆಸರಮ್ಮನ ತೀರ್ಪು. "ಆದ್ದರಿಂದ," ಎಂದು ಮುಗಿಸಿದ (ಹೌದು, ಈ ಸಲ ಅವನೇ ಮುಗಿಸಿದ), "ನಾನು ಎದ್ದು ಹೋಗೋದು ನಿನಗೆ ಬಹುಮಾನ. ಶಾಸ್ತ್ರ ಹಾಗೆ ಹೇಳುತ್ತೆ."

ಹೊದಿಕೆಯ ಹಿಂದಿನಿಂದ ಬಟ್ಟೆಯ ಕ್ಲಿಪ್ಪೊಂದು ಅವನ ತಲೆಗೆ ಬಂದು ಬಿತ್ತು.

"ನಾನು ಇಲಿನಾ? ನಾನು ಇಲಿ! ಅಮ್ಮನ ಮಂಡಿ ಸವೆಸಿದ್ದು ನೀವಾ!"

"ಅಲ್ಲ ಕಣೇ, ಫಲಿತಾಂಶ..."

"ಫಲಿತಾಂಶ ಇರ್ಲಿ, ಇಲ್ಲಿ ಕೇಳಿ." ಹೊದಿಕೆ ಪಕ್ಕಕ್ಕೆ ಸರಿಯಿತು. ಅವಳ ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. "ಬೆಳಿಗ್ಗೆಯಿಂದ ನಾನು ಯಾರ ಹತ್ರ ಮಾತಾಡ್ತೀನಿ? ಸೊಂಟ ಎಷ್ಟು, ಉದ್ದ ಎಷ್ಟು, ನಾಳೆ ಬನ್ನಿ. ಅಮ್ಮನಿಗೆ ರೇಡಿಯೋ. ನೀವು ಬಂದ್ರೆ ಒಬ್ಬ ಮನುಷ್ಯ ಬಂದ ಅಂತ ಮಿಷಿನ್ ನಿಲ್ಲಿಸ್ತೀನಿ. ಬಂದ ತಕ್ಷಣ ನೀವು ಶುರು. ಅದೇ ಇಲಿ, ಅದೇ ಛತ್ರಿ. ನಿಮ್ಮ ಮಾತಿನ ನಡುವೆ ನನಗೆ ಜಾಗ ಸಿಗೋದೆಲ್ಲಿ? ಚಹಾ ಕುಡಿಯೋವಾಗ ಒಂದು ಸಲ ನಿಲ್ಲಿಸ್ತೀರಲ್ಲ, ಅಲ್ಲಿ. ಇಡೀ ದಿನದಲ್ಲಿ ನನ್ನ ಪಾಲಿಗೆ ಆ ಒಂದು ವಾಕ್ಯ ರೀ. ಅದನ್ನ ಹೇಳ್ತಿದ್ದೆ."

ಇಲಿಯಪ್ಪ ತಲೆಯ ಮೇಲಿನ ಕ್ಲಿಪ್ಪು ತೆಗೆದ.

"ಮತ್ತೆ, ಆಮೇಲಾಮೇಲೆ ಮೊದಲೇ ಮುಗಿಸ್ತಾ ಇದ್ದೆಯಲ್ಲ?"

"ಬೇಗ ಮುಗಿಸಿದ್ರೆ, ಉಳಿದ ಹೊತ್ತಲ್ಲಿ ನಾನೂ ಏನಾದ್ರೂ ಹೇಳ್ಬಹುದು ಅಂತ. ನಾನು ಬಾಯಿ ತೆಗೆಯೋಷ್ಟರಲ್ಲಿ ನೀವು ಕುರ್ಚಿ ಎತ್ಕೊಂಡು ಹೊರಟ್ಹೋಗ್ತಿದ್ರಿ. ನಾಳೆ ಇನ್ನೂ ಬೇಗ ಮುಗಿಸ್ಬೇಕು ಅಂದ್ಕೋತಿದ್ದೆ."

ಕೆಳಗೆ ಬೀದಿಯಲ್ಲಿ ಯಾರೋ ಅಂಗಡಿಯ ಶಟರ್ ಎಳೆದರು. ಇಲಿಯಪ್ಪ ಎದ್ದು ಕುರ್ಚಿಯನ್ನು ಅವಳಿಗೆ ಬಿಟ್ಟು, ತಾನು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತ.

"ಏನದು ನೀನು ಹೇಳ್ಬೇಕಿದ್ದದ್ದು?"

"ಏನಿಲ್ಲ ಬಿಡಿ." ಕೇಳಿಸಿಕೊಳ್ಳುವವನು ಇದ್ದಾನೆಂದಾಗ ಅವಳಿಗೆ ನಾಚಿಕೆಯಾಯಿತು. ಬಟ್ಟೆಯ ರಾಶಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಒಂದು ಕಾಲುಚೀಲಕ್ಕೆ ಜೊತೆ ಹುಡುಕುತ್ತಾ, ಆಮೇಲೆ ಶುರು ಮಾಡಿದಳು. "ಒಂದು ಕೋಟು ಇದೆ. ಬೂದು ಬಣ್ಣದ್ದು. ಒಬ್ಬಳು ಹೆಂಗಸು ತಂದ್ಕೊಟ್ಲು, ಒಳಜೇಬನ್ನ ಹೊಲಿದು ಮುಚ್ಚಿ ಅಂತ. ಯಾಕಮ್ಮ, ಹರಿದಿಲ್ವಲ್ಲ ಅಂದೆ. ಮುಚ್ಚಿ ಅಂದ್ರೆ ಮುಚ್ಚಿ ಅಂದ್ಲು. ಮುಚ್ಚಿದೆ. ಎರಡು ದಿನ ಬಿಟ್ಟು ಒಬ್ಬ ಗಂಡಸು ಬಂದ. ಅದೇ ಕೋಟು. ಇದರ ಜೇಬು ಬಿಚ್ಚಿ, ಮನೇಲಿ ಹೇಳ್ಬೇಡಿ ಅಂದ. ಬಿಚ್ಚಿದೆ. ಮತ್ತೆ ಅವಳು ಬಂದ್ಲು. ದಾರ ಗಟ್ಟಿ ಇಲ್ವಾ ನಿಮ್ಮದು, ಅಂತ ನನ್ನನ್ನೇ ಬೈದ್ಲು! ಮತ್ತೆ ಮುಚ್ಚಿದೆ. ಮತ್ತೆ ಅವನು. ಹೀಗೇ ನಡೀತಾ ಇದೆ ರೀ, ನೀವು ಇಲ್ಲಿ ತಪಸ್ಸಿಗೆ ಕೂತಾಗಿಂದ."

"ಜೇಬಲ್ಲಿ ಏನಿತ್ತು?" ಎಂದ ಇಲಿಯಪ್ಪ. ಬಕೆಟ್ಟು ಮುಂದಕ್ಕೆ ಜಾರಿತು.

"ಯಾರಿಗ್ಗೊತ್ತು? ಖಾಲಿ ಮಾಡೇ ತರ್ತಾರೆ. ಕೋಟು ಈಗ ನನ್ನ ಹತ್ರಾನೇ ಇದೆ. ಅವಳು ನಾಳೆ ಸಂಜೆ ಬರ್ತೀನಿ ಅಂದಿದ್ದಾಳೆ. ಅವನೂ ನಾಳೆ ಸಂಜೆ ಅಂದಿದ್ದಾನೆ."

"ಆಮೇಲೆ?"

"ಆಮೇಲೇನು, ಅಷ್ಟೇ. ನಾಳೆ ಇನ್ನೂ ಆಗಿಲ್ವಲ್ಲ!"

ಕೊನೆಯಿಲ್ಲದ ಕಥೆಯನ್ನು ಇಲಿಯಪ್ಪ ಹಿಂದೆಂದೂ ಎದುರಿಸಿರಲಿಲ್ಲ. ಮರುದಿನ ಪ್ರಯೋಗಾಲಯದಲ್ಲಿ ಅವನಿಗೆ ಕೈ ಓಡಲಿಲ್ಲ. ಪತ್ರ ಇರಬಹುದೇ? ಬೇರೊಬ್ಬಳ ಪಟವೇ? ಒಂದು ಪಂಜರಕ್ಕೆ ಎರಡು ಸಲ ಕಾಳು ಹಾಕಿ, ಇನ್ನೊಂದಕ್ಕೆ ಹಾಕುವುದನ್ನೇ ಮರೆತ. ಸಂಜೆ ಗಂಟೆಯಾಗುವ ಮೊದಲೇ ಪ್ರೊಫೆಸರಮ್ಮನ ಮುಂದೆ ನಿಂತು ಹಲ್ಲು ಗಿಂಜಿ, ಮೊದಲ ಬಸ್ಸು ಹಿಡಿದ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಬಾಗಿಲು ತೆರೆದೇ ಇತ್ತು. ಒಳಗೆ ತಾಯಿ ಮಗಳು ಕಣ್ಣೊರೆಸಿಕೊಂಡು ನಗುತ್ತಿದ್ದರು. ಬೂದು ಕೋಟು ಇರಲಿಲ್ಲ.

"ಬಂದಿದ್ರಾ?" ಎಂದ ಇಲಿಯಪ್ಪ ಏದುಸಿರಿನಲ್ಲಿ, ಒಂದು ಷೂ ಕೈಯಲ್ಲಿ, ಒಂದು ಕಾಲಲ್ಲಿ.

ಹೆಂಡತಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಗಂಟಲು ಸರಿಮಾಡಿಕೊಂಡಳು. "ಕೂತ್ಕೊಳ್ಳಿ. ಏನಾಯ್ತು ಅಂದ್ರೆ..."

"ಪೆಪ್ಪರ್‌ಮಿಂಟು ಕಣ್ರೀ ಅಳಿಯಂದಿರೇ!" ಎಂದರು ಅತ್ತೆ. "ಡಾಕ್ಟ್ರು ಸಕ್ಕರೆ ಬಿಡು ಅಂದಿದ್ದಾರಂತೆ, ಅವನು ಜೇಬಲ್ಲಿಟ್ಕೊಂಡು ತಿಂತಾನಂತೆ. ಇಬ್ರೂ ಮೆಟ್ಟಿಲ ಮೇಲೇ ಡಿಕ್ಕಿ! ಕಿತ್ತಾಡಿ ಕಿತ್ತಾಡಿ, ಕೊನೆಗೆ ಒಂದೇ ಒಂದು ಪೆಪ್ಪರ್‌ಮಿಂಟು ಹಿಡಿಯೋಷ್ಟು ಬಾಯಿ ಬಿಟ್ಟು ಹೊಲೀರಿ ಅಂತ ರಾಜಿಯಾದ್ರು!"

ಇಲಿಯಪ್ಪ ಹೆಂಡತಿಯ ಮುಖ ನೋಡಿದ. ಮೇಲಕ್ಕೆತ್ತಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತ್ತು. ಕೆಳಗಿಳಿಯಲು ಅದಕ್ಕೆ ನೆಪ ಸಿಗುತ್ತಿರಲಿಲ್ಲ. ಕಥೆಯ ಕೊನೆ ಕಳೆದುಕೊಂಡವರ ಆ ಮುಖ ಹೊರಗಿನಿಂದ ಹೇಗೆ ಕಾಣುತ್ತದೆಂದು ಅವನಿಗೆ ಇದುವರೆಗೆ ಗೊತ್ತಿರಲಿಲ್ಲ.

"ಅಮ್ಮಾ!" ಎಂದಳು ಅವಳು, ಅಳುವಷ್ಟು ಸಣ್ಣ ದನಿಯಲ್ಲಿ. "ಅದನ್ನ ಅವರಿಗೆ ಅಂತ ಇಟ್ಕೊಂಡಿದ್ದೆ."

ಇಲಿಯಪ್ಪ ಜೀವಮಾನದಲ್ಲಿ ಒಂದು ಸುಳ್ಳು ಅಂಕಿ ಬರೆದವನಲ್ಲ. ಕಂಡದ್ದನ್ನು ಕಂಡಿಲ್ಲ, ಕೇಳಿದ್ದನ್ನು ಕೇಳಿಲ್ಲ ಎಂದವನಲ್ಲ.

"ಏನು ಹೇಳಿದ್ರು ಅತ್ತೆ?" ಎಂದ. "ಬಸ್ಸಿನ ಗಾಳಿಗೆ ಕಿವಿ ಕಟ್ಟಿದೆ. ಒಂದಕ್ಷರ ಕೇಳಿಸ್ಲಿಲ್ಲ. ನೀನು ಹೇಳು."

ಹೆಂಡತಿ ಅವನನ್ನೇ ದಿಟ್ಟಿಸಿದಳು. ನಂಬಲಿಲ್ಲ, ಅದು ಸ್ಪಷ್ಟವಾಗಿತ್ತು. ಆದರೂ ಮೇಲೆ ನಿಂತಿದ್ದ ಕೈಗೆ ಜೀವ ಬಂತು.

"ಮಧ್ಯಾಹ್ನದಿಂದ ಹೇಳ್ಬೇಕು ಹಾಗಾದ್ರೆ," ಎಂದಳು. "ಅಲ್ಲ ಅಲ್ಲ, ಬೆಳಿಗ್ಗೆ ದಾರ ತರೋಕೆ ಹೋದೆನಲ್ಲ, ಅಲ್ಲಿಂದಾನೇ ಹೇಳ್ತೀನಿ. ಆ ದಾರದಂಗಡಿಯವಳ ನಾದಿನಿ ಗೊತ್ತಲ್ಲ ನಿಮಗೆ? ಗೊತ್ತಿಲ್ವಾ? ಸರಿ, ಮೊದಲು ಅವಳ ವಿಷಯ ಕೇಳಿ..."

"ಸಿಕ್ಕಿಹಾಕ್ಕೊಂಡ್ರಿ ಅಳಿಯಂದಿರೇ," ಎಂದು ಅತ್ತೆ ರೇಡಿಯೋ ಎತ್ತಿಕೊಂಡು ಅಡುಗೆಮನೆಗೆ ನಡೆದರು.

ಗಮನವಿಟ್ಟು ಕೇಳಿದರೆ ಮಾತು ಬೆಳೆಯುತ್ತದೆ, ಇಂದಿನ ನಾದಿನಿ ನಾಳೆ ಅವಳ ಇಡೀ ವಂಶವಾಗುತ್ತಾಳೆ, ಇನ್ನು ಈ ಜನ್ಮದಲ್ಲಿ ಛತ್ರಿ ಬಿಚ್ಚುವ ಅವಕಾಶ ತನಗಿಲ್ಲ. ಇದನ್ನು ಇಲಿಯಪ್ಪನಿಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲೇ ಯಾರೂ ಇರಲಿಲ್ಲ. ಅವನು ಇನ್ನೊಂದು ಷೂವನ್ನೂ ಬಿಚ್ಚಿ, ಕುರ್ಚಿಯನ್ನು ಹೊಲಿಗೆಯಂತ್ರದ ಹತ್ತಿರಕ್ಕೆ ಎಳೆದುಕೊಂಡ.

"ಆಮೇಲೆ?" ಎಂದ.